ನಲವತ್ಮೂರರಲ್ಲಿ ಪೋಷಕರ ಸಹಿ

ಗೆಳೆಯರೇ, ನನ್ನ ಎಂ.ಎ. ಶುಲ್ಕ ಕಟ್ಟಲು ನಾಳೆಯೇ ಕಡೆಯ ದಿನ. ಈಚೆಗೆ ಜಿಲ್ಲೆಯಾದ ಚಾಮರಾಜನಗರದ ಟ್ರಸ್ಟೊಂದು ಇಂದು ಬೆಳಗ್ಗೆ ವಿದ್ಯಾರ್ಥಿವೇತನ ಕೊಡಲು ಒಪ್ಪಿತು. ಆದರೆ ಅರ್ಜಿಗೆ ಪೋಷಕರ ಸಹಿ ಬೇಕಂತೆ.

“ನನಗೆ ನಲವತ್ಮೂರು ವರ್ಷ, ಸರ್,” ಎಂದೆ.

“ಇರ್ಲಿ ಕಣಮ್ಮ, ಸಹಿ ಇಲ್ದೆ ಚೆಕ್ ಬರಿಯಕ್ಕಾಗಲ್ಲ,” ಎಂದರು ಕಾರ್ಯದರ್ಶಿ. ಅವರು ಅರಿಶಿನ ಮಂಡಿಯ ಯಜಮಾನರು.

ಮಧ್ಯಾಹ್ನ ನಮ್ಮೂರು ಭೀಮನಬೀಡಿನಿಂದ ಅಮ್ಮನನ್ನು ಬಸ್ಸಿನಲ್ಲಿ ಕರೆತಂದೆ. ಕಾರ್ಯದರ್ಶಿ ನನ್ನನ್ನು ನಿಲ್ಲಿಸಿ, ಅವಳನ್ನು ಕೂರಿಸಿ ಕೇಳಿದರು: “ಹುಡುಗಿ ಮನೇಲಿ ಓದ್ತಾಳಾ?”

ಅಮ್ಮ ನನ್ನನ್ನೊಮ್ಮೆ ನೋಡಿದಳು. “ಓದ್ತಾಳೆ ಸ್ವಾಮಿ. ಮಾತೇ ವಸಿ ಜಾಸ್ತಿ. ನೀವೇ ಬುದ್ದಿ ಏಳಿ.”

ಅವರು ಬುದ್ಧಿ ಹೇಳಿದರು. ನಾನು ತಲೆಯಾಡಿಸಿದೆ. ಅಮ್ಮ ಹೆಬ್ಬೆಟ್ಟು ಒತ್ತಿದಳು, ಚೆಕ್ ಬಂತು.

ನಾನು ಕಾನ್ವೆಂಟಿನಲ್ಲಿದ್ದಾಗ ಅಂಕಪಟ್ಟಿಗೆಲ್ಲ ಸಹಿ ಹಾಕಿದ್ದು ಈಗಿಲ್ಲದ ಅಪ್ಪ. ಓದುಬರಹ ಬಾರದ ಅಮ್ಮನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈ ನಿಯಮವನ್ನು ಬೈಯಬೇಕೋ ಬೇಡವೋ ಎಂದು ಹಿಂತಿರುಗುವ ಬಸ್ಸಿನಲ್ಲಿ ಯೋಚಿಸುತ್ತಿದ್ದೆ.

“ಕಿಟಕಿ ನೋಡಿದ್ದು ಸಾಕು, ಪುಸ್ತಕ ತಗಿ ಕಣಮ್ಮಿ,” ಎಂದಳು ಅಮ್ಮ.

ತೆಗೆದೆ. ವಿದ್ಯಾರ್ಥಿವೇತನದ ಮುಂದಿನ ಕಂತಿಗೂ ಅವಳ ಹೆಬ್ಬೆಟ್ಟು ಬೇಕಲ್ಲ.