ಯಾರೂ ತೊಡದ ಜರ್ಸಿ

ಓದುಗರಿಗೆ ನಮಸ್ಕಾರ. ವಯಸ್ಸಾದ ಮೇಲೆ ಅಕ್ಷರ ಕಲಿತವನು ನಾನು, ತಪ್ಪಿದ್ದರೆ ಮನ್ನಿಸಿ.

ಬುಟ್ಟಿಯಲ್ಲಿದ್ದ ಆ ಜರ್ಸಿ ಬೆವರಿನಿಂದ ಒದ್ದೆಯಾಗಿತ್ತು. ನ್ಯೂಜೆರ್ಸಿಯ ಒಂದು ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಬಟ್ಟೆ ಒಗೆಯುವುದು ನನ್ನ ಕೆಲಸ. ಸೀಸನ್ನಿನ ಕೊನೆಯ ಪಂದ್ಯ ಮುಗಿದಿತ್ತು. ಎಂದಿನಂತೆ ಎಲ್ಲವನ್ನೂ ಮಷೀನಿಗೆ ಹಾಕಿದೆ. ಹೊರತೆಗೆದಾಗಲೇ ನಂಬರ್ ನೋಡಿದ್ದು. ಅದು ನಿಖಿಲನದು.

ಸೀಸನ್ ಶುರುವಾಗುವ ಮುಂಚೆಯೇ ಕಾರು ಅಪಘಾತದಲ್ಲಿ ತೀರಿಕೊಂಡ ಹುಡುಗ ಅವನು. ಕೊನೆಯ ಸಲ ಅಭ್ಯಾಸಕ್ಕೆ ತೊಟ್ಟಿದ್ದ ಜರ್ಸಿಯನ್ನು ತಂಡದವರು ಒಗೆಸದೆ ಪ್ರತಿ ಪಂದ್ಯಕ್ಕೂ ಒಯ್ದು ಬೆಂಚಿನ ಮೇಲೆ ಹರಡುತ್ತಿದ್ದರು. ಆ ದಿನವೂ ಯಾರೂ ಅದನ್ನು ತೊಟ್ಟಿರಲಿಲ್ಲ, ಬುಟ್ಟಿಗೂ ಹಾಕಿರಲಿಲ್ಲ ಎಂದು ಕೋಚ್ ಆಣೆಯಿಟ್ಟು ಹೇಳಿದರು. ಸೀಸನ್ ಮುಗಿದ ಮೇಲೆ ಅದು ಅವನ ತಾಯಿಗೆ ಸೇರಬೇಕಿತ್ತು.

ಮರುದಿನ ಈಸ್ಟ್ ಬ್ರನ್ಸ್‌ವಿಕ್‌ನಿಂದ ಆಕೆ ಬಂದರು. ನಮ್ಮ ಕನ್ನಡದವರೇ. ಜರ್ಸಿಯನ್ನು ಮೂಗಿಗೆ ಹಿಡಿದವರು ನನ್ನತ್ತ ತಿರುಗಿದರು.

“ಅಂಕಲ್, ಒಗ್ದುಬಿಟ್ರಾ? ಅವ್ನ ಮೈವಾಸ್ನೆ ಇದ್ದಿದ್ದು ಇದೊಂದ್ರಲ್ಲೇ.”

“ತಪ್ಪಾಯ್ತು ತಾಯಿ. ಒದ್ದೆ ಇತ್ತು, ಎಡಗಡೆ ಭುಜ ಪೂರ್ತಿ ಮಣ್ಣಾಗಿತ್ತು. ಆಡಿದವ್ರದ್ದು ಅಂದ್ಕೊಂಡೆ.”

ಆಕೆ ಜರ್ಸಿಯ ಎಡಭುಜವನ್ನು ಬೆರಳಿನಿಂದ ಸವರಿದರು.

“ಎಡಗಡೆನಾ? ಅವ್ನು ಯಾವಾಗ್ಲೂ ಆ ಕಡೆಗೇ ಬೀಳ್ತಿದ್ದ.”

ನನ್ನ ಕೈಯಾರೆ ತೊಳೆದುಹಾಕಿದ ಆ ಬೆವರು ಯಾರದೆಂದು ಇವತ್ತಿಗೂ ಗೊತ್ತಿಲ್ಲ. ನಿಮಗೂ ಇಂಥದ್ದೇನಾದರೂ ಆಗಿದ್ದರೆ ದಯವಿಟ್ಟು ಬರೆಯಿರಿ.