ಅಂಬಮ್ಮನ ಬೆಳಕಿಂಡಿ

ಗೋಡೆಗೂ ಕಿವಿ ಇರುತ್ತವೆ ಎನ್ನುತ್ತಾರೆ. ಪೆದ್ದಕಡುಬೂರಿನ ನಮ್ಮ ಓಣಿಯಲ್ಲಿ ಮಾಳಿಗೆಗೆ ಬಾಯಿಯೂ ಇದೆ. ಮಣ್ಣಿನ ಮಾಳಿಗೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಮೆಣಸಿನಕಾಯಿ ಒಣಹಾಕಲು ಹತ್ತಿದ ಹೆಂಗಸರು ಯಾರ ಮನೆಯ ಮೇಲಾದರೂ ನಡೆಯುತ್ತಾರೆ, ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಲ್ಲಿ ಬಗ್ಗಿ ಕೆಳಗಿದ್ದವರನ್ನು ಮಾತಾಡಿಸುತ್ತಾರೆ. ಮಳೆ ಬಂದಾಗ ಮಾತ್ರ ಅದರ ಮೇಲೆ ಚಪ್ಪಡಿ ಬಂಡೆ ಎಳೆಯುತ್ತಾರೆ.

ಅಂಬಮ್ಮ ಮದುವೆಯಾಗಲಿಲ್ಲ. ಊರವರ ಮದುವೆಗೆಲ್ಲ ಕುಪ್ಪಸ ಹೊಲಿದು ಬದುಕು ಕಟ್ಟಿಕೊಂಡವಳು. ಪಕ್ಕದ ಮನೆಯ ಪೀರಮ್ಮ, ಗಂಡ ಕುರಿ ಹೊಡೆದುಕೊಂಡು ಹೋದಮೇಲೆ ಮಾಳಿಗೆ ಹತ್ತಿ, "ಏನ್ ಸಾರು ಮಾಡೀಯವ್ವ?" ಎಂದು ಇಣುಕುತ್ತಿದ್ದಳು. ಮಾತು ಅಷ್ಟರಿಂದ ಶುರುವಾಗಿ ಎಲ್ಲಿಗೋ ಹೋಗುತ್ತಿತ್ತು. ಅಂಬಮ್ಮನಿಗೆ ದಿನದಲ್ಲಿ ಇದ್ದದ್ದು ಅದೊಂದೇ ಸುಖ.

ಈ ಬೇಸಿಗೆ ಬೆವರಿನ ಕೈ ತಗುಲಿ ರೇಷ್ಮೆ ಬಟ್ಟೆ ಕಲೆಯಾಗತೊಡಗಿದಾಗ ಏಸಿ ಹಾಕಿಸಿದಳು. ಆದೋನಿಯಿಂದ ಬಂದ ಮೆಕ್ಯಾನಿಕ್ ಆಂಜಿ ಮೇಲಿನ ಬೆಳಕಿಂಡಿ ನೋಡಿ, "ತಂಪೆಲ್ಲ ಅದರಾಗ ಹೋಗ್ತೈತಿ ಅಕ್ಕಾ, ಕರೆಂಟು ದಂಡ. ಮುಚ್ಚಿಬಿಡ್ರಿ" ಎಂದ.

ಅಂಬಮ್ಮ ಅರೆಬರೆ ಕೆಲಸದವಳಲ್ಲ. ಬಂಡೆ ಎಳೆದು, ಸಂದಿಗೆ ಹತ್ತಿ ತುರುಕಿ, ಮೇಲೆ ಮಾಳಿಗೆಗೆ ಹಾಕುವ ಸವುಳು ಮಣ್ಣು ಮೆತ್ತಿದಳು. ಬಾಗಿಲ ಕೆಳಗೂ ಹಳೆಯ ಸೀರೆ ಒತ್ತಿದಳು. ಕೋಣೆ ತಣ್ಣಗಾಯಿತು. ಆದರೆ ಬಿಸಿಲಲ್ಲಿ ಬೆಳಕಿಂಡಿ ಮುಚ್ಚಿದರೆ ನಮ್ಮ ಓಣಿಯಲ್ಲಿ ಅರ್ಥ ಒಂದೇ, ನಿಮ್ಮ ಮಾತು ಸಾಕು ಎಂದು. ಇಲ್ಲೇ ಹುಟ್ಟಿ ಬೆಳೆದವಳು ಬುದ್ಧಿ ಎಲ್ಲಿಟ್ಟಿದ್ದಳೋ, ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮೇಲೆ ಹೆಜ್ಜೆ ಸಪ್ಪಳವಾಗುತ್ತಿತ್ತು, ಮಾತು ಬರಲಿಲ್ಲ. ತಡೆಯಲಾರದೆ ಅಂಬಮ್ಮ ತಾನೇ ಹೋಗಿ ಹೇಳಿದಳು: "ತಂಪಿಗಂತ ಮುಚ್ಚೀನಿ ಪೀರಮ್ಮ, ನೀ ಬರಬ್ಯಾಡಂತ ಅಲ್ಲ."

"ಗೊತ್ತೈತಿ ಬಿಡವ್ವ. ಕೆಲಸ ಮಾಡೋರಿಗೆ ನಂದೊಂದು ಕಿರಿಕಿರಿ ಯಾಕ?" ಪೀರಮ್ಮ ನಕ್ಕಳು. ಜಗಳವಾಡಿದ್ದರೆ ರಾಜಿಯಾದರೂ ಆಗಬಹುದಿತ್ತು.

ಅಂಬಮ್ಮ ಏಸಿ ಆರಿಸಿ, ಮಣ್ಣು ಕೆದರಿ, ಬಂಡೆ ಸರಿಸಿದಳು. ಬೆವರೊರೆಸಿಕೊಳ್ಳುತ್ತ, ಕಿವಿಯೆಲ್ಲ ಮೇಲಿಟ್ಟು ಹೊಲಿದಳು. ಪೀರಮ್ಮ ಆಗಲೇ ಆಚೆ ಮನೆಯ ಭುವನಾಳ ಬೆಳಕಿಂಡಿಯ ಹತ್ತಿರ ಕೂರುವುದನ್ನು ರೂಢಿ ಮಾಡಿಕೊಂಡಿದ್ದಳು.

ಒಂದು ಸಂಜೆ ಮೋಡ ಕವಿದು ನಾಲ್ಕು ಹನಿ ಬಿದ್ದವು. ಹೆಜ್ಜೆ ಬಂದು ಬೆಳಕಿಂಡಿಯ ಹತ್ತಿರ ನಿಂತಿತು. ಅಂಬಮ್ಮ ಮಿಷನ್ ನಿಲ್ಲಿಸಿ ಮುಖ ಎತ್ತಿದಳು.

"ಮಳಿ ಬಂತವ್ವ, ಬಟ್ಟಿ ತೊಯ್ತಾವು. ನೀ ಏಳಬ್ಯಾಡ, ನಾನ ಮುಚ್ತೀನಿ," ಎಂದಳು ಪೀರಮ್ಮ.

ಪೀರಮ್ಮ ಬಂಡೆ ಎಳೆದು, ಒಂದು ಹನಿಯೂ ಇಳಿಯದಂತೆ ಅಂಚಿಗೆಲ್ಲ ಮಣ್ಣು ಒತ್ತಿ, ತನ್ನ ಮನೆಗೆ ಹೋದಳು.