ಸುಮ್ಮಸುಮ್ಮನೆ ಓ ಅನ್ನದ ಗೋಪಾಲ

ಗೋಪಾಲನಿಗೆ ಕರೆದರೆ ಓ ಅನ್ನುವ ಅಭ್ಯಾಸವೇ ಇರಲಿಲ್ಲ. ಮೇಲಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನ ಕೈ ನೋಡುತ್ತಿದ್ದ. ಕೈಯಲ್ಲಿ ಬಟ್ಟಲಿದ್ದರೆ ಇಳಿದು ಬರುತ್ತಿದ್ದ, ಇಲ್ಲದಿದ್ದರೆ ತಲೆ ಒಳಗೆ.

ಗುಜರಾತಿ ಸೀಮೆಯ ವಸ್ತ್ರಾಪುರದ ನಮ್ಮ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದಿದ್ದ. ಗದಗಿನ ಹುಡುಗ, ಮದುವೆಯಾಗಿರಲಿಲ್ಲ, ವಟ್ವಾದ ಒಂದು ಬಣ್ಣದ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ಕೆಲಸ. ನನ್ನ ಮಗ ಸೊಸೆ ಬೆಳಿಗ್ಗೆ ಹೋದರೆ ಸಂಜೆ ಬರುವವರು. ಮೊಮ್ಮಕ್ಕಳು ನನ್ನ ಕನ್ನಡಕ್ಕೆ ಗುಜರಾತಿಯಲ್ಲಿ ಉತ್ತರ ಕೊಡುವವರು. ನಮ್ಮ ಕಡೆಯ ಮಾತು ಕಿವಿಗೆ ಬೀಳಬೇಕೆಂದರೆ ಇವನೊಬ್ಬನೇ, ಇವನೋ ಮಾತಾಡದವನು. ಅದಕ್ಕೇ ದಿನಾ ಮೆಟ್ಟಿಲ ಕೆಳಗೆ ನಿಂತು, ಇದ್ದಾನೋ ಇಲ್ಲವೋ ಎಂದು ನಾನೇ ಕೂಗುತ್ತಿದ್ದೆ, "ಅದೀಯೇನೋ ಗೋಪ್ಯಾ?"

ಒಂದು ಸಲ ವಾರವಿಡೀ ಮುಖ ಗಂಟು ಹಾಕಿಕೊಂಡು ತಿರುಗಿದ. ರೊಟ್ಟಿ ಕೊಟ್ಟು ಕೇಳಿದೆ. ಅವನ ಫ್ಯಾಕ್ಟರಿಗೂ ಬರೋಡಾ, ಸೂರತ್ ಆಫೀಸುಗಳಿಗೂ ಕಂಪ್ಯೂಟರಿನ ಖಾಯಂ ಲೈನು ಇತ್ತಂತೆ. ಲೈನಿನ ಎರಡೂ ತುದಿಗೆ ಒಂದೊಂದು ಪೆಟ್ಟಿಗೆ; ಲೈನು ಕೆಟ್ಟರೆ ಅಲ್ಲಿಯ ಪೆಟ್ಟಿಗೆ ಇಲ್ಲಿಯ ಪೆಟ್ಟಿಗೆಗೆ ತಾನೇ ಫೋನು ಹಚ್ಚಬೇಕು, ಕೆಲಸ ಮುಗಿದ ಮೇಲೆ ಫೋನು ಇಡಬೇಕು. ಸೂರತ್ತಿನದು ಇಡುತ್ತಲೇ ಇರಲಿಲ್ಲ. ಆ ಆಫೀಸಿಗೆ ಇದ್ದದ್ದು ಒಂದೇ ಫೋನು, ಅದು ದಿನವಿಡೀ ಎಂಗೇಜ್.

"ಇಲ್ಲಿಂದ ರಿಪೇರಿ ಆಗಲಿಲ್ಲಂದ್ರ ಸೂರತ್ತಿಗೇ ಹೋಗಿ ಇರು ಅಂತಾನ ಶೇಠ್," ಅಂದ.

ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. "ಇಡಾಕ ಏನ್ ರೋಗ ಅದಕ್ಕ?"

"ನಿಮ್ಮ ರೋಗಾನ ಅಜ್ಜಿ. ಯಾವ ದಾರಿ ಚಾಲೂ ಐತಿ ಅಂತ ತಿಳಕೊಳ್ಳಾಕ ಎರಡೂ ಪೆಟ್ಟಿಗಿ ಗಳಿಗಿಗೊಮ್ಮೆ ಅದೀಯೇನೋ, ಅದೀಯೇನೋ ಅಂತ ಕೇಳತಾವ. ಖಾಯಂ ಲೈನಿನಾಗ ನಡೀತೈತಿ. ಫೋನಿನಾಗ ಹಂಗ ಕೇಳಕೋತ ಕುಂತ್ರ ಇಡೋದು ಯಾವಾಗ?"

"ಬಾಯಿ ಕಟ್ಟು ಮತ್ತ."

"ಪೂರಾ ಕಟ್ಟಿದ್ರ ದಾರಿ ತಪ್ಪತಾವ."

ಕೆಲವು ದಿನ ಕಳೆದ ಮೇಲೆ ಕರೆಯದೆಯೇ ಕೆಳಗೆ ಬಂದ. ಹಾಗೆ ಬಂದದ್ದು ಅದೇ ಮೊದಲು. "ಆತು ಅಜ್ಜಿ. ಖರೇ ಕೆಲಸಿದ್ರ ಫೋನ್ ಹಚ್ಚು, ಹಚ್ಚಿದ ಮ್ಯಾಲ ಅದೀಯೇನೋ ಅಂತ ಬೇಕಾದ್ರ ಕೇಳು. ಅದೊಂದರ ಸಲುವಾಗಿ ಹಚ್ಚಬ್ಯಾಡ, ಹಿಡಕೊಂಡೂ ಕೂಡಬ್ಯಾಡ ಅಂತ ಪೆಟ್ಟಿಗಿಗೆ ಹೇಳೀನಿ."

ಅವತ್ತು ಶೇಂಗಾ ಹೋಳಿಗೆ ಮಾಡಿದೆ. ಇನ್ನು ಇವನು ಸೂರತ್ತಿಗೆ ಹೋಗಬೇಕಾಗಿಲ್ಲವಲ್ಲ.

ಶೇಠನಿಗೂ ಖುಷಿಯಾಯಿತು. ಎಷ್ಟು ಖುಷಿ ಅಂದರೆ, ಇಷ್ಟು ಬಲ್ಲವನು ಸೂರತ್ತಿನ ಆಫೀಸನ್ನೂ ನೋಡಿಕೊಳ್ಳಲಿ ಎಂದು ಅಲ್ಲಿಗೇ ಕಳಿಸಿದ.

ಹೊರಡುವಾಗ ಕಾಲಿಗೆ ಬಿದ್ದು, "ಫೋನ್ ಮಾಡ್ತೀನ್ರಿ," ಅಂದ.

"ಕೆಲಸಿದ್ರ ಮಾಡು," ಅಂದೆ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು.

"ಅಜ್ಜಿ, ಅದೀರೇನ್ರಿ?"

"ಸತ್ತಿಲ್ಲ. ಏನ್ ಕೆಲಸಾ?"

"ಏನಿಲ್ರಿ."

ಅವನ ಹಿಂದೆ ಸೂರತ್ತಿನ ಆಟೋಗಳ ಸದ್ದು ಕೇಳುತ್ತಿತ್ತು. ಬಹಳ ಹೊತ್ತಾದ ಮೇಲೆ "ಇಡಲೇನ್ರಿ?" ಅಂದ. "ನಾ ಏನ್ ಇಡು ಅಂದೆನೇನು?" ಅಂದೆ. ಇಬ್ಬರೂ ಇಡಲಿಲ್ಲ. ಎಸ್‌ಟಿಡಿ ಬೂತಿನವನು ಗದರಿದ್ದು ಕೇಳಿಸಿತು, ಲೈನು ಕಟ್ಟಾಯಿತು.

ಅವನ ಫೋನು ಮತ್ತೆ ಬರಲಿಲ್ಲ. ಮೇಲಿನ ಕೋಣೆಗೆ ಈಗ ಗುಜರಾತಿ ಗಂಡಹೆಂಡತಿ ಬಂದಿದ್ದಾರೆ, ಒಳ್ಳೆಯವರು. ಸಂಜೆ ಮೆಟ್ಟಿಲ ಹತ್ತಿರ ಹೋದರೆ ಅದೀಯೇನೋ ಅನ್ನಲು ಬಾಯಿ ತಾನೇ ತೆರೆಯುತ್ತದೆ. ಮುಚ್ಚಿಕೊಂಡು ಒಳಗೆ ಬರುತ್ತೇನೆ.